ನೀರು ತಾಕಿದ ಉಪ್ಪಿನಕಾಯಿ

ನಮ್ಮ ಅಡುಗೆಮನೆಯ ಕಿಟಕಿಯ ದಂಡೆಯ ಮೇಲೆ ಒಂದು ಪಿಂಗಾಣಿ ಜಾಡಿ ಇದೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಕೆಳಗಿನ ರಸ್ತೆಯಲ್ಲಿ ಹೋಗುವ ಸ್ವೀಡನ್ನಿನ ಲುಂಡ್ ಊರಿನ ಸೈಕಲ್ಲುಗಳನ್ನು ಲೆಕ್ಕ ಹಾಕುತ್ತ ಕುಳಿತಿರುವ ಈ ಜಾಡಿಯಲ್ಲಿರುವುದು ಶ್ರೀನಿವಾಸಪುರದ ಮಾವಿನ ಉಪ್ಪಿನಕಾಯಿ. ಪ್ರತಿ ಸಲ ಊರಿಗೆ ಹೋಗಿ ಬರುವಾಗ ನನ್ನ ಬಟ್ಟೆಗಳಿಗಿಂತ ಹೆಚ್ಚು ಜತನದಿಂದ ಪೆಟ್ಟಿಗೆಯೊಳಗೆ ಕೂತು ಬರುವ ಮಹಾನುಭಾವ. ಮನೆಗೆ ಯಾರೇ ಊಟಕ್ಕೆ ಬರಲಿ, ನಾನು ಮೊದಲು ನೋಡುವುದು ಅವರ ಮುಖವನ್ನಲ್ಲ, ಕೈಯನ್ನು. ಕೈ ಒದ್ದೆಯಾಗಿದ್ದರೆ ಜಾಡಿಯನ್ನು ನಾನೇ ತೆರೆದು, ಒಣ ಸೌಟಿನಲ್ಲಿ ನಾನೇ ಬಡಿಸುತ್ತೇನೆ. ನಮ್ಮಜ್ಜಿ ಉಪ್ಪಿನಕಾಯಿ ಹಾಕುವ ದಿನ ಮಾವಿನಕಾಯಿಯನ್ನು ಒಂದೊಂದಾಗಿ ಒರೆಸಿ, ಜಾಡಿಯನ್ನು ಬಿಸಿಲಿಗಿಟ್ಟು, ಬಳೆ ಸರಿಸಿ ಮೊಣಕೈವರೆಗೂ ಒರೆಸಿಕೊಂಡು ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಬಾಯಾರಿಕೆಯೆಂದು ಅಡುಗೆಮನೆಗೆ ಹೋದವನಿಗೂ ಬೈಗುಳ ಬೀಳುತ್ತಿತ್ತು. ನೀರು ಉಪ್ಪಿನಕಾಯಿಯ ಶತ್ರು ಎಂಬುದು ನನಗೆ ಮಗ್ಗಿ ಬರುವುದಕ್ಕೂ ಮೊದಲೇ ಬಂದ ವಿದ್ಯೆ.

ಇಷ್ಟು ವಿದ್ಯಾವಂತನಾದ ನಾನು ಹೋದ ಚಳಿಗಾಲದಲ್ಲಿ ಮಾಡಿದ ಘನಕಾರ್ಯವನ್ನು ನಿಮಗೆ ಹೇಳಬೇಕು.

ಊರಾಚೆ ಕೊಮ್ಮೂನಿನವರ, ಎಂದರೆ ಇಲ್ಲಿಯ ಪುರಸಭೆಯವರ, ಜಾಗದಲ್ಲಿ ನಮ್ಮಂಥವರು ಬಾಡಿಗೆಗೆ ಹಿಡಿದ ತರಕಾರಿ ತೋಟದ ತುಂಡುಗಳಿವೆ. ನನ್ನ ತುಂಡಿನ ಪಕ್ಕದ್ದು ಥನಾಸಿಸ್ ಅಜ್ಜನದು. ಗ್ರೀಸಿನ ಗುಡ್ಡದ ಹಳ್ಳಿಯೊಂದರಲ್ಲಿ ಹುಟ್ಟಿ, ಮೀಸೆ ಮೂಡುವ ವಯಸ್ಸಿಗೆ ಸ್ವೀಡನ್ನಿಗೆ ಬಂದು, ಸ್ಯಾಂಡ್‌ವಿಕೆನ್ನಿನಲ್ಲಿ ಉಕ್ಕಿನ ಕೆಲಸ ಮಾಡಿ, ನಿವೃತ್ತರಾದ ಮೇಲೆ ತುಸು ಬಿಸಿಲು ಸಿಕ್ಕೀತೆಂದು ದಕ್ಷಿಣಕ್ಕಿಳಿದು ಲುಂಡ್ ಸೇರಿದವರು. ಇಲ್ಲಿಯ ಬಿಸಿಲಿನ ಬಗ್ಗೆ ಅವರ ದೂರು ಇನ್ನೂ ಮುಗಿದಿಲ್ಲ. ಅವರ ಸ್ವೀಡಿಶ್ ಗ್ರೀಸಿನ ರಾಗದಲ್ಲಿ, ನನ್ನದು ಕೋಲಾರದ ರಾಗದಲ್ಲಿ. ಆದ್ದರಿಂದಲೇ ಇರಬೇಕು, ನಮಗಿಬ್ಬರಿಗೂ ಪರಸ್ಪರರ ಮಾತು ಚೆನ್ನಾಗಿ ತಿಳಿಯುತ್ತದೆ.

ನಮ್ಮ ಸ್ನೇಹ ಕುದುರಿದ್ದು ಸೊಪ್ಪಿನಿಂದ. ಒಂದು ವಸಂತದಲ್ಲಿ ಅಜ್ಜ ಬೇಲಿಯಂಚಿನಲ್ಲಿ ಬಗ್ಗಿ, ಎಲ್ಲರೂ ಕಳೆಯೆಂದು ಕಿತ್ತೆಸೆಯುವ ಗಿಡಗಳನ್ನು ಬಿಡಿಸಿ ಚೀಲಕ್ಕೆ ತುಂಬುತ್ತಿದ್ದರು. ಕೇಳಿದರೆ, ನಾಲ್ಕೈದು ಬಗೆ ಕಲೆಸಿ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಮತ್ತು ನಿಂಬೆರಸ ಹಿಂಡಿ ತಿನ್ನುವುದು ಅವರ ಅಮ್ಮನ ಪದ್ಧತಿಯಂತೆ. ನನಗೆ ಮೈ ಝುಮ್ಮೆಂದಿತು. ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನೆಗಳನ್ನು ಮಡಿಲಿಗೆ ತುಂಬಿಕೊಂಡು ಬಂದು ಬೆರಕೆಸೊಪ್ಪಿನ ಸಾರು ಮಾಡುತ್ತಿದ್ದ ನಮ್ಮಜ್ಜಿಯನ್ನು ಯಾರೋ ಗ್ರೀಕ್ ಭಾಷೆಯಲ್ಲಿ ವಿವರಿಸಿದ ಹಾಗಾಯಿತು. ಅಂದಿನಿಂದ, ಇಲ್ಲಿಯವರು ಫೀಕಾ ಎನ್ನುವ ಬಿಡುವಿನ ಹೊತ್ತಿಗೆ ನಾನು ತೋಟಕ್ಕೆ ಕಾಫಿ ಒಯ್ಯುವುದು, ಅವರು ಎಣ್ಣೆಯಲ್ಲಿ ಅದ್ದಿದ ರೊಟ್ಟಿ ತರುವುದು ರೂಢಿಯಾಯಿತು. ರೊಟ್ಟಿ ತಿನ್ನುತ್ತ ಅವರು ಹೇಳುತ್ತಿದ್ದುದೆಲ್ಲ ಆಲಿವ್ ಮರಗಳ ಕತೆ: ಮರದಡಿ ಬಲೆ ಹಾಸಿ ಕೋಲಿನಿಂದ ಕೊಂಬೆ ಬಡಿಯುವುದು, ಹಕ್ಕಿಯೊಂದು ರೆಕ್ಕೆ ತಾಗಿಸದೆ ನಡುವೆ ಹಾರಿಹೋಗುವಷ್ಟು ಕೊಂಬೆ ಸವರುವುದು, ಹೊಸ ಎಣ್ಣೆ ಬಂದ ದಿನ ಗಾಣದ ಮನೆಯಲ್ಲೇ ರೊಟ್ಟಿ ಸುಟ್ಟು ಅದ್ದಿ ತಿನ್ನುವುದು.

ನವೆಂಬರಿನಲ್ಲಿ ಗ್ರೀಸಿನಿಂದ ಕಾರಿನಲ್ಲಿ ಬಂದ ನೆಂಟರೊಬ್ಬರ ಕೈಯಲ್ಲಿ ಅಜ್ಜನ ತಂಗಿ ಸೊಫಿಯಾ ಒಂದು ಬುಟ್ಟಿ ಕಪ್ಪು ಆಲಿವ್ ಕಳಿಸಿದ್ದರು. ಅದು ಕೊನೆಯ ಬುಟ್ಟಿ. ಆಕೆಗೂ ಕೋಲು ಹಿಡಿದು ಮರ ಬಡಿಯುವ ವಯಸ್ಸು ಮೀರಿ, ಅಪ್ಪ ನೆಟ್ಟ ತೋಟವನ್ನು ಬೇರೆಯವರಿಗೆ ಒಪ್ಪಿಸಿದ್ದಾಗಿತ್ತು. ಮುಂದಿನ ವರ್ಷದಿಂದ ಆ ಮರಗಳ ಕಾಯಿ ಇವರಿಗೆ ಬರುವುದಿಲ್ಲ. ಅಷ್ಟರಲ್ಲಿ ಅಜ್ಜನ ಮಂಡಿಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯಿಂದ ಕರೆ ಬಂತು. ಅವರು ಪ್ರತಿ ಕಾಯಿಯನ್ನೂ ಸೀಳಿ, ಬಕೆಟ್ಟಿನ ನೀರಿಗೆ ಹಾಕಿ, ನಮ್ಮ ಮನೆಗೆ ತಂದಿಟ್ಟರು. ದಿನಕ್ಕೆರಡು ಸಲ ನೀರು ಬದಲಿಸು, ಉಪ್ಪನ್ನು ನಾನು ಬಂದು ನೋಡಿಕೊಳ್ಳುತ್ತೇನೆ ಎಂದರು. ಹೋಗುವ ಮುನ್ನ ಬಕೆಟ್ಟಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದರು.

ನಾಲ್ಕು ದಿನ ನೀರು ಬದಲಿಸಿದೆ. ಬದಲಿಸುವಾಗಲೆಲ್ಲ ಅಜ್ಜಿ ಬೆನ್ನ ಹಿಂದೆ ನಿಂತು ಬೈದಂತಾಗುತ್ತಿತ್ತು. ಐದನೆಯ ದಿನ ನೀರು ಕೆನ್ನೀಲಿಯಾಗಿ, ಮೇಲೆ ಒಂದೆರಡು ಗುಳ್ಳೆ ಕಾಣಿಸಿಕೊಂಡಾಗ ನನ್ನ ಧೈರ್ಯ ಹೋಯಿತು. ಕೊನೆಯ ಬುಟ್ಟಿ ನನ್ನ ಮನೆಯಲ್ಲಿ ಕೊಳೆಯಬೇಕೇ? ಬಾರ್ಲಿಯ ಬೇರುಗಳ ಮೇಲೆ ಸಂಶೋಧನೆ ಮಾಡಿ ವಿಶ್ವವಿದ್ಯಾಲಯದ ಸಂಬಳ ತಿನ್ನುವವನು ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ನೀರನ್ನೆಲ್ಲ ಚೆಲ್ಲಿ, ಕಾಯಿಗಳನ್ನು ಹಳೆಯ ಪಂಚೆಯ ಮೇಲೆ ಹರಡಿ, ಹೀಟರಿನ ಪಕ್ಕದಲ್ಲಿ ಒಣಗಿಸಿ, ಒಂದು ಪದರ ಕಾಯಿ, ಒಂದು ಪದರ ಕಲ್ಲುಪ್ಪು ಎಂದು ಅದೇ ಬಕೆಟ್ಟಿಗೆ ತುಂಬಿದೆ. ಉಪ್ಪಿಗೆ ನೀರು ಬಿಟ್ಟಾಗಲೆಲ್ಲ, ಶತ್ರುವಲ್ಲವೇ, ಬಿಡದೆ ಬಸಿದು ಹಾಕಿದೆ. ಬಹಳ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ನನ್ನ ಹೆಂಡತಿ ವಸುಧಾ ಆಫೀಸಿನ ಕೆಲಸಕ್ಕೆ ಸ್ಟಾಕ್‌ಹೋಮಿಗೆ ಹೋಗಿದ್ದವಳು ಬಂದು ನೋಡಿ ತಲೆಯ ಮೇಲೆ ಕೈಹೊತ್ತು ಕೂತಳು. "ಅವರು ಸಿಂಪಲ್ಲಾಗಿ ನೀರು ಚೇಂಜ್ ಮಾಡು ಅಂದ್ರು ಅಷ್ಟೇ. ಕೋತಿ ತಾನೂ ಕೆಟ್ಟು ವನಾನೆಲ್ಲ ಕೆಡಿಸ್ತಂತೆ" ಎಂದಳು. ಆಮೇಲೆ ಅವಳೇ ಅಂತರ್ಜಾಲದಲ್ಲಿ ಹುಡುಕಿ ಓದಿ ಹೇಳಿದಳು: ಆಲಿವಿನ ಕಹಿಯನ್ನು ಎಳೆದು ತೆಗೆಯುವುದೇ ಆ ನೀರು. ಉಪ್ಪಿನ ಅಡಿಯಿಂದ ಒಂದನ್ನು ತೆಗೆದು ಕಚ್ಚಿದೆ. ಹಾಗಲಕಾಯಿ ಇದರ ಮುಂದೆ ಬೆಲ್ಲ. ಕಾಯಿಗಳು ಸುಕ್ಕುಗಟ್ಟಿದ್ದವು, ತಳದಲ್ಲಿ ಒಂದಷ್ಟಕ್ಕೆ ಬೂಸಲು ಹಿಡಿದಿತ್ತು. ಅಂದು ನನಗೆ ಊಟ ಸೇರಲಿಲ್ಲ. ಸೆಮಿನಾರಿನಲ್ಲಿ ತಪ್ಪಿದರೆ ತಿದ್ದಿಕೊಳ್ಳಬಹುದು. ಒಬ್ಬ ಮನುಷ್ಯನ ಅಪ್ಪನ ಮರದ ಕೊನೆಯ ಕಾಯಿಗಳನ್ನು ಎಲ್ಲಿಂದ ತಂದು ಕೊಡುವುದು?

ಮೂರು ವಾರದ ನಂತರ ಅಜ್ಜ ಊರುಗೋಲು ಹಿಡಿದು ಬಂದರು. ನಾನು ಸುತ್ತಿ ಬಳಸದೆ, ಮಾಡಿದ್ದನ್ನೆಲ್ಲ ಹೇಳಿ ಬಕೆಟ್ಟನ್ನು ಅವರ ಮುಂದಿಟ್ಟೆ. ಅವರ ಮುಖ ಕೆಂಪಾಯಿತು. ಹೊರಟೇಬಿಡುವವರಂತೆ ಕೋಲು ಊರಿ ಅರ್ಧ ಎದ್ದರು, ಮತ್ತೆ ಕೂತರು. ಬೂಸಲು ಹಿಡಿದವನ್ನು ಒಂದೊಂದಾಗಿ ಬೇರೆ ಮಾಡಿದರು. ಮೂರರಲ್ಲೊಂದು ಪಾಲು ಹೋಗಿತ್ತು. ಆಮೇಲೆ ಸುಕ್ಕಾದ ಒಂದು ಕಾಯಿಯ ಉಪ್ಪನ್ನು ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದರು.

"ನಿನಗೆ ಇದನ್ನು ಯಾರು ಹೇಳಿಕೊಟ್ಟರು?" ಎಂದರು.

ನಮ್ಮಜ್ಜಿ ಎಂದೆ.

"ನನ್ನ ಅಮ್ಮನೂ ಹೀಗೇ ಮಾಡುತ್ತಿದ್ದಳು. ನಮ್ಮ ಗುಡ್ಡದಲ್ಲಿ ನೀರೆಲ್ಲಿತ್ತು, ದಿನಕ್ಕೆರಡು ಸಲ ಬದಲಿಸುವುದಕ್ಕೆ? ಉಪ್ಪಿತ್ತು. ನೀರಿನದು ನಲ್ಲಿ ಇದ್ದವರ ಪದ್ಧತಿ. ನಾನದನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೆ."

ಇನ್ನೂ ಹತ್ತು ದಿನ ಬೇಕು, ದಿನಾ ಕುಲುಕಬೇಕು ಎಂದು ಆಜ್ಞೆಯಾಯಿತು. ಅಲ್ಲಿಂದಲೇ ತಂಗಿಗೆ ವಿಡಿಯೋ ಕರೆ ಮಾಡಿ ಬಕೆಟ್ಟಿನೊಳಗೆ ಫೋನು ಇಳಿಸಿದರು. ಆಕೆ ಮೊದಲು ಗದರಿದರು, ಆಮೇಲೆ ಅಮ್ಮನ ಹೆಸರೆತ್ತಿ ಅತ್ತರು, ಕೊನೆಗೆ ನನ್ನ ಮುಖ ತೋರಿಸೆಂದು ಹಟ ಹಿಡಿದರು. ನಾನು ಕೈಮುಗಿದೆ.

ಕೋಲಾರದ ಬಯಲಿನ ಅಜ್ಜಿಗೂ ಗ್ರೀಸಿನ ಗುಡ್ಡದ ಅಮ್ಮನಿಗೂ ಪರಿಚಯ ಮಾಡಿಸಿದವರು ಯಾರೂ ಇರಲಿಲ್ಲ. ನೀರಿಲ್ಲದ ನೆಲ ಇಬ್ಬರಿಗೂ ಒಂದೇ ಪಾಠ ಹೇಳಿತ್ತು. ನಾವು ಶಾಸ್ತ್ರವೆಂದು ಕಾಪಾಡಿಕೊಂಡು ಬರುವ ಎಷ್ಟೋ ನಿಯಮಗಳು ಹಿರಿಯರಿಗೆ ಬರೀ ಅನುಕೂಲವಾಗಿದ್ದವು. ಅವರು ಇದ್ದುದರಲ್ಲಿ ಮಾಡಿದರು, ನಾವು ಅದಕ್ಕೆ ಗಂಭೀರ ಮುಖ ಅಂಟಿಸಿದೆವು. ಹಾಗೆಂದು ನನ್ನ ತಪ್ಪು ತಪ್ಪಲ್ಲವೆಂದು ವಾದಿಸಲಾರೆ. ವಸುಧಾ ಅದಕ್ಕೆ ಅವಕಾಶ ಕೊಡುವುದೂ ಇಲ್ಲ.

ಹತ್ತು ದಿನ ಕಳೆದು ಅಜ್ಜ ಊಟಕ್ಕೆ ಬಂದರು. ಆಲಿವಿನ ಕಹಿ ಹಿತವಾಗಿ ಇಳಿದಿತ್ತು. ಎಣ್ಣೆ ಸವರಿ, ರೊಟ್ಟಿಯ ಜೊತೆ ತಟ್ಟೆ ತುಂಬ ಇಟ್ಟಿದ್ದೆ. ಅವರು ಕಣ್ಣು ಮುಚ್ಚಿ ಐದಾರು ತಿಂದು, ಎಣ್ಣೆಯಾದ ಕೈ ತೊಳೆದು ಬಂದು, ನಿಮ್ಮ ಅಜ್ಜಿಯ ಉಪ್ಪಿನಕಾಯಿ ಎಲ್ಲಿ ಎಂದು ಕೇಳಿದರು. ನಾನು ಒಣ ಸೌಟು ಹುಡುಕುವಷ್ಟರಲ್ಲಿ ಕಿಟಕಿಯ ದಂಡೆಯಿಂದ ಜಾಡಿಯನ್ನು ಎಳೆದುಕೊಂಡು, ಬಿಳಿ ಬಟ್ಟೆ ಬಿಚ್ಚಿ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಮಣಿಕಟ್ಟಿನವರೆಗೆ ಒಳಗಿಳಿಸಿ ಒಂದು ಹೋಳು ತೆಗೆದರು. ವಸುಧಾ ನನ್ನನ್ನೇ ನೋಡಿದಳು.

ನಾನು ಜಾಡಿಯನ್ನು ಅವರಿಗೆ ಇನ್ನಷ್ಟು ಹತ್ತಿರ ಸರಿಸಿದೆ.