ಸ್ಟೆಪಾನನ ಹಸುವಿಗೆ ಗಂಟು ಮುದ್ದೆ

2023ರಲ್ಲಿ ನಾನು ಲೀಡ್ಸ್‌ನ ಒಂದು ಪುಟ್ಟ ಸ್ಟುಡಿಯೋದಲ್ಲಿ ಸೌಂಡ್ ಎಡಿಟರ್ ಆಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ನನ್ನ ಕೆಲಸದ ಒಂದು ಭಾಗಕ್ಕೆ ಫೋಲಿ ಎನ್ನುತ್ತಾರೆ. ತೆರೆಯ ಮೇಲಿನ ನಡಿಗೆಗೆ, ಬಾಗಿಲಿಗೆ, ಬಟ್ಟೆಯ ಸರಬರಕ್ಕೆ ಸ್ಟುಡಿಯೋದಲ್ಲಿ ಹೊಸದಾಗಿ ಸದ್ದು ಹುಟ್ಟಿಸುವುದು. ಉಡುಪಿಯ ನನ್ನ ಅತ್ತಿಗೆಗೆ ಇದು ಇವತ್ತಿಗೂ ನಂಬಿಕೆಯಿಲ್ಲ. "ಹಳೇ ಚಪ್ಪಲಿ ಕುಟ್ಟಲಿಕ್ಕೆ ಸಂಬಳ ಕೊಡ್ತಾರಾ ಮಾರಾಯ್ತಿ?" ಎನ್ನುತ್ತಾಳೆ.

ಆ ಚಳಿಗಾಲದಲ್ಲಿ ಒಕ್ಸಾನಾ ಬಂದಳು. ಉಕ್ರೇನಿನ ಸಾಕ್ಷ್ಯಚಿತ್ರ ನಿರ್ದೇಶಕಿ. ಯುದ್ಧದ ನಡುವೆ ಜೌಗು ನೆಲದಲ್ಲಿ ಸಿಕ್ಕಿಬಿದ್ದ ದನ, ನಾಯಿ, ಕೊಕ್ಕರೆಗಳನ್ನು ಉಳಿಸುವ ಹಳ್ಳಿಯವರ ಬಗ್ಗೆ ಅವಳ ಚಿತ್ರ. ಅದರಲ್ಲೊಂದು ದೃಶ್ಯ: ಮಿಕೋಲಾ ಮತ್ತು ಅವನ ಗೆಳೆಯ ಸ್ಟೆಪಾನ್ ಕೆಸರಿನಿಂದ ಹಸುವನ್ನು ಎಳೆಯುತ್ತಾರೆ. ಅವತ್ತು ಮೈಕಿಗೆ ನೀರು ಹೊಕ್ಕು ಸದ್ದೇ ದಾಖಲಾಗಿರಲಿಲ್ಲ. ಕೆಲವು ತಿಂಗಳ ನಂತರ ಶೆಲ್ ಬಿದ್ದು ಸ್ಟೆಪಾನ್ ಸತ್ತ. ಇಡೀ ಚಿತ್ರದಲ್ಲಿ ಅವನಿರುವುದು ಆ ದೃಶ್ಯದಲ್ಲಿ ಮಾತ್ರ.

"ನೀವು ಸದ್ದು ಮಾಡಿಕೊಡಿ. ಮಿಕೋಲಾ ಕೇಳಿ ನಿಜ ಅನ್ನಬೇಕು. ಅನ್ನದಿದ್ದರೆ ದೃಶ್ಯ ತೆಗೆದುಬಿಡುತ್ತೇನೆ" ಎಂದಳು ಒಕ್ಸಾನಾ. ನನ್ನ ಕೆಸರು ಕೈಕೊಟ್ಟರೆ ಸ್ಟೆಪಾನ್ ಚಿತ್ರದಿಂದಲೂ ಹೋಗುತ್ತಾನಲ್ಲ!

ಒದ್ದೆ ಪೇಪರ್ ಹಿಂಡಿದೆ, ತೋಟದ ಮಣ್ಣು ಕಲಸಿದೆ. ಓಟ್ಸ್ ಗಂಜಿಯಲ್ಲಿ ಬೂಟು ಅದ್ದಿದರೆ ಹಸು ಯಾರದೋ ಬೆಳಗಿನ ತಿಂಡಿಯಿಂದ ಎದ್ದು ಬಂದಂತೆ ಕೇಳಿಸಿತು. ಆಗ ನೆನಪಾದವರು ಹೆಡಿಂಗ್ಲೀ ಬಡಾವಣೆಯ ನಮ್ಮ ಪಕ್ಕದ ಮನೆಯ ಡಾಕ್ಟರ್ ಪುಟ್ಟಸ್ವಾಮಿ. ಮಂಡ್ಯದವರು, ಅರಿವಳಿಕೆ ತಜ್ಞರು. ಆಸ್ಪತ್ರೆಯ ಪಾಳಿಯಲ್ಲಿ ಭಾನುವಾರ ಬಿಡುವು ಸಿಕ್ಕರೆ ಅವರ ಮನೆಯಲ್ಲಿ ರಾಗಿ ಮುದ್ದೆ. ಅವರು ಹಿಟ್ಟು ತೊಳಸುವ ಸದ್ದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು.

ಕೇಳಿದ್ದೇ ತಡ, ಮುದ್ದೆ ಕೋಲು ಹಿಡಿದು ಸ್ಟುಡಿಯೋಗೇ ಬಂದರು. ಮೈಕಿನ ಪಕ್ಕ ಪಾತ್ರೆಯಿಟ್ಟು ತೊಳಸಿ, ಮಿರಮಿರ ಮಿಂಚುವ ಮುದ್ದೆ ಮಾಡಿ, ಗೆದ್ದ ಮುಖದಲ್ಲಿ ನಿಂತರು. ನಾನು ಅದರಲ್ಲಿ ಬೂಟು ಒತ್ತಿ ಎಳೆದೆ. ಹೆಡ್‌ಫೋನಿನಲ್ಲಿ ಕೇಳಿದ ಒಕ್ಸಾನಾ ಇಲ್ಲವೆಂದು ತಲೆಯಾಡಿಸಿದಳು. "ತುಂಬ ನಯವಾಗಿದೆ. ಆ ಕೆಸರಲ್ಲಿ ಬೇರುಗಳಿದ್ದವು. ಇದರಲ್ಲಿ ಗಂಟುಗಳು ಬೇಕು."

ಡಾಕ್ಟರು ಕೋಲು ಕೆಳಗಿಟ್ಟರು. "ಸುಜಾತಾವ್ರೇ, ಈಯಮ್ಮಂಗೆ ಗಂಟು ಬೇಕಂತೆ! ಗಂಟು ಕಟ್ಟಿಸಿದೆ ಅಂತ ಗೊತ್ತಾದ್ರೆ ನಮ್ಮವ್ವ ಇದೇ ಕೋಲಲ್ಲಿ ನಂಗೆ ಬಾರಿಸ್ತಾಳೆ."

"ಅವ್ವಂಗೆ ನಾನು ಹೇಳಲ್ಲ ಡಾಕ್ಟ್ರೇ. ಹಿಟ್ಟು ಸುರೀರಿ."

ಕಣ್ಣು ಮುಚ್ಚಿಕೊಂಡು ಒಂದೇ ಸಲಕ್ಕೆ ಹಿಟ್ಟು ಸುರಿದರು. ಕೋಲು ಮುಟ್ಟದಂತೆ ಕೈಕಟ್ಟಿ ನಿಲ್ಲಲು ಅವರು ಪಟ್ಟ ಪಾಡು ನೋಡಬೇಕಿತ್ತು. ಗಂಟು ಗಂಟಾದ ಆ ರಾಶಿಯಿಂದ ಬೂಟು ಎಳೆದಾಗ "ಲೊಚಕ್" ಎಂದು ಜೌಗಿನ ನೆಲವೇ ಬಾಯಿಬಿಟ್ಟಿತು. ಒಕ್ಸಾನಾ ಕಣ್ಣೊರೆಸಿಕೊಂಡಳು. ಡಾಕ್ಟರು ಮಾತ್ರ ಮುದ್ದೆಯತ್ತ ತಿರುಗಿಯೂ ನೋಡಲಿಲ್ಲ.

ಮರುದಿನ ವಿಡಿಯೋ ಕಾಲ್‌ನಲ್ಲಿ ಮಿಕೋಲಾನಿಗೆ ದೃಶ್ಯ ತೋರಿಸಿದೆವು. ನೋಡಿ ಮುಗಿಸಿ ಏನೋ ಗೊಣಗಿದ. ಒಕ್ಸಾನಾ ನಕ್ಕು ನನಗೆ ಹೇಳಿದಳು: "ಕೆಸರು ನಿಜವಾದದ್ದೇ ಅಂತೆ. ಆದರೆ ಸ್ಟೆಪಾನ್ ಯಾಕೆ ಸುಮ್ಮನಿದ್ದಾನೆ, ಅವತ್ತು ಆ ಹಸುವಿನ ವಂಶವನ್ನೇ ಬೈದಿದ್ದನಲ್ಲ ಅಂತ ಕೇಳುತ್ತಿದ್ದಾನೆ."

ಉಕ್ರೇನಿನ ನಟರೊಬ್ಬರಿಂದ ಬೈಗುಳ ಹೇಳಿಸೋಣ ಎಂದೆ. ಒಕ್ಸಾನಾ ಒಪ್ಪಲಿಲ್ಲ. "ಸತ್ತವನ ಬಾಯಿಗೆ ಬೇರೆಯವರ ದನಿ ಬೇಡ" ಎಂದಳು. ಮಿಕೋಲಾನೂ ಅದನ್ನೇ ಹೇಳಿದ. ಬಾಯಿ ಆಡುತ್ತದೆ, ದನಿ ಬರುವುದಿಲ್ಲ ಎಂದರೆ ಜನ ನನ್ನನ್ನು ಉಗಿಯುವುದಿಲ್ಲವೇ ಎಂದು ನಾನು ಸಾಕಷ್ಟು ಜಗಳವಾಡಿದೆ. ಅವಳು ಜಪ್ಪಯ್ಯ ಎನ್ನಲಿಲ್ಲ.

ಲೀಡ್ಸ್‌ನ ಪ್ರದರ್ಶನಕ್ಕೆ ಇಲ್ಲಿ ನೆಲೆಸಿರುವ ಉಕ್ರೇನಿನ ಕುಟುಂಬಗಳೂ ಬಂದಿದ್ದವು. ಡಾಕ್ಟರ ಮುದ್ದೆ ಲೊಚಕ್ ಎಂದಿತು. ತೆರೆ ತುಂಬ ಸ್ಟೆಪಾನನ ಮುಖ, ದನಿಯಿಲ್ಲದೆ ಬಡಬಡಿಸುವ ಬಾಯಿ. ನಾನು ನಾಚಿ ತಲೆ ತಗ್ಗಿಸಿದೆ. ಅಷ್ಟರಲ್ಲಿ ಹಿಂದಿನ ಸಾಲುಗಳಿಂದ ನಗು ಸಿಡಿಯಿತು. ಇಂಗ್ಲಿಷರು ಏನೂ ತಿಳಿಯದೆ ತಿರುಗಿ ನೋಡಿದರು. ಉಕ್ರೇನಿನವರು ಆ ತುಟಿಗಳಲ್ಲಿ ಒಂದೊಂದು ಬೈಗುಳವನ್ನೂ ಓದಿಕೊಳ್ಳುತ್ತಿದ್ದರು.

ಮೌನ ಕಂಡಲ್ಲೆಲ್ಲ ಸದ್ದು ತುಂಬುವುದೇ ನನ್ನ ಕಸುಬು ಎಂದುಕೊಂಡಿದ್ದೆ. ಯಾವ ಬಾಯಿಯನ್ನು ಅದರ ಪಾಡಿಗೆ ಬಿಡಬೇಕು ಎಂದು ತಿಳಿಯುವುದೂ ಅದೇ ಕಸುಬಿನ ಭಾಗವೆಂದು ಅವತ್ತು ಗೊತ್ತಾಯಿತು. ನನ್ನ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ನಗುತ್ತ, ಅಳುತ್ತ, ಮೊಮ್ಮಗಳಿಗೆ ಬೈಗುಳ ತಿಳಿಯದಿರಲೆಂದು ಅವಳ ಕಣ್ಣು ಮುಚ್ಚಿ ಹಿಡಿದಿದ್ದರು.