ಕಾರ್ಡಿನ ಮಾತಿಗೆ ಮೊದಲಿನ ಇಲಾಜು

ಅವ್ವನ ಬಲಭುಜ ಹಿಡಿದುಕೊಂಡಾಗ ನಾವು ಮಾಡಿದ್ದು ಮುಂಬೈಯಲ್ಲಿ ನಮ್ಮ ಜನ ಎಲ್ಲದಕ್ಕೂ ಮಾಡುವುದನ್ನೇ. ಮಾಟುಂಗದ ಕನ್ನಡ ಸಂಘದಲ್ಲಿ ವಿಚಾರಿಸಿ ‘ನಮ್ಮವರೇ’ ಆದ ಡಾಕ್ಟರೊಬ್ಬರನ್ನು ಹುಡುಕಿದೆವು. ಬೆಳಗಾವಿ ಕಡೆಯವರು, ಮೂಳೆ ಡಾಕ್ಟರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಒಂದೇ ಕಡೆಯವರು ಎಂಬುದು ಯಾವುದಕ್ಕೂ ಪುರಾವೆಯಲ್ಲ ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಅವ್ವ ಕೇಳಿಸಿಕೊಳ್ಳಲಿಲ್ಲ.

ಅವಳಿಗೆ ಆ ಭುಜ ಬೇಕಾಗಿದ್ದು ರೊಟ್ಟಿಗೆ. ಭಾಂಡುಪಿನ ನಮ್ಮ ಚಾಳಿನ ಖೋಲಿಯಲ್ಲಿ ಜೋಳದ ರೊಟ್ಟಿ ಬಡಿದು, ವಿಜಯಪುರದ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸ ಮಾಡುವ ಹುಡುಗರಿಗೆ ಕೊಡುತ್ತಿದ್ದಳು. ನನಗೆ ನೌಕರಿ ಸಿಕ್ಕಿತಲ್ಲ, ಇನ್ನು ಸಾಕು ಮಾಡು ಎಂದರೂ ಬಿಟ್ಟಿರಲಿಲ್ಲ. ಸಂಜೆ ಆ ಹುಡುಗರು ‘ಅಕ್ಕಾರ’ ಎಂದು ಬಾಗಿಲಿಗೆ ಬಂದಾಗಲೇ ಅವಳಿಗೆ ಈ ಊರಿನಲ್ಲಿ ತಾನೂ ಒಬ್ಬಳು ಇದ್ದೇನೆ ಅನ್ನಿಸುತ್ತಿತ್ತು.

ಡಾಕ್ಟರು ತೋಳನ್ನು ಮೆಲ್ಲಗೆ ಎತ್ತಿ, ಅವ್ವ ‘ಯವ್ವಾ’ ಎಂದಲ್ಲಿಗೆ ನಿಲ್ಲಿಸಿದರು.

“ಗಾಬರಿ ಆಗಬ್ಯಾಡ್ರಿ ಅವ್ವಾರ. ಭುಜಾ ಜಾಮ್ ಆಗೇದ. ದಿನಾ ಫಿಸಿಯೋಥೆರಪಿಗೆ ಬರ್ರಿ. ತಿಂಗಳುಗಟ್ಟಲೆ ಹಿಡೀತದ, ಆದ್ರ ಬಿಡ್ತದ.”

ಅಷ್ಟಕ್ಕೇ ಎದ್ದು ಬರಬಹುದಿತ್ತು. ಅವ್ವ ನನ್ನ ಕಡೆ ಕೈ ಮಾಡಿ, “ನಮ್ಮ ಹುಡುಗೀದು ಕಂಪನಿ ಕಾರ್ಡ್ ಐತ್ರಿ. ಕ್ಯಾಶ್‌ಲೆಸ್,” ಎಂದಳು. ನನ್ನ ಕಂಪನಿ ಕೊಟ್ಟ ಆರೋಗ್ಯ ವಿಮೆಯ ಕಾರ್ಡು ಅದು; ದನಿಯಲ್ಲಿ ಹೆಮ್ಮೆಯಿತ್ತು.

“ಹಂಗೇನು?” ಬರೆಯುತ್ತಿದ್ದ ಪೆನ್ನು ನಿಂತಿತು. “ಹಂಗಾದ್ರ ದುರ್ಬೀನ್ ಆಪರೇಶನ್ ಮಾಡಿಬಿಡೋಣು. ಸಣ್ಣ ತೂತು ಹಾಕಿ ಬಿಡಿಸಿಬಿಡ್ತೀವಿ. ತ್ರಾಸಿಲ್ಲ.”

“ಒಂದ್ ಮಿನಿಟ್ ಡಾಕ್ಟರ್,” ನಾನು ಬಾಯಿ ಹಾಕಿದೆ. “ಭುಜ ಅದೇ ಇದೆ. ಚೇಂಜ್ ಆಗಿದ್ದು ಪೇಮೆಂಟ್ ಅಷ್ಟೇ. ಆಪರೇಶನ್ ಯಾವುದಕ್ಕೆ, ಭುಜಕ್ಕೋ ಕಾರ್ಡಿಗೋ?”

ಡಾಕ್ಟರು ನಕ್ಕರು. “ಮಗಳು ವಕೀಲಳೇನ್ರಿ?”

“ವಕೀಲಳಾಗಿದ್ರ ನಾಕು ರೊಕ್ಕನಾರ ಬರ್ತಿದ್ವು. ಪುಕ್ಕಟೆ ವಾದಾ ಮಾಡ್ತಾಳ್ರಿ,” ಎಂದಳು ಅವ್ವ.

ಡಾಕ್ಟರು ನುಣುಚಿಕೊಳ್ಳುತ್ತಾರೆ ಎಂದುಕೊಂಡು ಮುಂದಿನ ಪ್ರಶ್ನೆಗಳನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ಅವರು ನುಣುಚಿಕೊಳ್ಳಲಿಲ್ಲ.

“ಖರೇ ಹೇಳ್ತೀನಿ ತಂಗಿ. ಆಪರೇಶನ್ ಮಾಡಿದ್ರ ನನಗೂ ಸಿಗ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಫಿಸಿಯೋ ಬರದುಕೊಟ್ಟವರು ಎಷ್ಟು ದಿನಾ ಬರ್ತಾರ? ದಿನಾ ಕಿಸೆದಾಗಿಂದ ತಗದು ಕೊಡಬೇಕಲ್ಲ. ಒಂದು ವಾರ ಬರ್ತಾರ, ಆಮ್ಯಾಲೆ ಮಾಯ. ಆಪರೇಶನ್ ಆದ್ರ ಅರ್ಧಕ್ಕ ಬಿಟ್ಟು ಹೋಗೂದಿಲ್ಲ.”

“ಆಪರೇಶನ್ ಆದ ಮೇಲೂ ಅದೇ ಫಿಸಿಯೋ ಬೇಕಲ್ಲ?”

“ಬೇಕು.” ಪೆನ್ನಿನ ಮುಚ್ಚಳ ಹಾಕಿ, “ಮನ್ಯಾಗ ಮಾಡಿದ್ರೂ ನಡೀತದ,” ಎಂದರು.

ಚರ್ಚಾಸ್ಪರ್ಧೆಯಾಗಿದ್ದರೆ ಅಲ್ಲಿಗೆ ಗಂಟೆ ಬಾರಿಸಿ ನನ್ನನ್ನು ಗೆಲ್ಲಿಸುತ್ತಿದ್ದರು. ಆದರೆ ತೀರ್ಪು ಕೊಡಬೇಕಾದವಳು ಪಕ್ಕದಲ್ಲಿ ಕುಳಿತಿದ್ದಳು. ಆಪರೇಶನ್ ಬೇಕೋ ಬೇಡವೋ ಎಂದು ಇಷ್ಟು ಹೊತ್ತು ಅವಳನ್ನು ಯಾರೂ ಕೇಳಿರಲಿಲ್ಲ. ವಾಪಸ್ ಬರುವಾಗ ಲೋಕಲ್‌ನಲ್ಲಿ ತಾನಾಗಿಯೇ ಹೇಳಿದಳು:

“ಆಪರೇಶನ್ ಅಂದ್ರ ಹುಡುಗ್ರು ಕಾಯ್ತಾವ. ವ್ಯಾಯಾಮಕ್ಕ ಹೊಂಟೀನಿ ಅಂದ್ರ, ಅಕ್ಕಾರಿಗೆ ಈ ವಯಸ್ಸಿನ್ಯಾಗ ಹುರುಪು ಬಂದೈತಿ ಅಂತ ನಗ್ತಾವ. ಮತ್ತ ಆ ಕಾರ್ಡಿಗಂತ ನಿನ್ನ ಪಗಾರದಾಗ ಕಡೀತಾರಲ್ಲ, ಅದು ಯಾರ ಮನಿ ಉದ್ಧಾರಕ್ಕ?”

ಡಾಕ್ಟರ ಮನಸ್ಸಿನಲ್ಲಿ ಏನಿದೆ ಎಂದು ಜಾಲಾಡಲು ನನಗೆ ತರಬೇತಿಯಿತ್ತು. ಅವ್ವನ ಈ ಮಾತಿಗೆ ಮಾತ್ರ ಆಪರೇಶನ್ನಿನ ಫಾರಂ ತುಂಬಿದೆ.

ಆಪರೇಶನ್ ಚೆನ್ನಾಗಿಯೇ ಆಯಿತು, ಅದನ್ನು ಒಪ್ಪಬೇಕು. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಮೇಲಿನ ಫಿಸಿಯೋಗೆ ನಮ್ಮ ಪಾಲಿಸಿ ನಡೆಯಲಿಲ್ಲ. ನಾನು ಕೊಡುತ್ತೇನೆ ಎಂದೆ. ಕೆಲವು ದಿನ ಹೋದಳು. ಕಾರ್ಡಿನ ರೊಕ್ಕ ಹೋಗುವುದು ಕಣ್ಣಿಗೆ ಬೀಳುವುದಿಲ್ಲ. ನಾನು ಕೊಟ್ಟ ನೋಟನ್ನು ಅವಳು ದಿನವೂ ತನ್ನ ಕೈಯಿಂದಲೇ ಕೌಂಟರಿನಲ್ಲಿ ಇಡಬೇಕಿತ್ತು. “ಮನ್ಯಾಗ ಮಾಡ್ತೀನಿ ತಗೋ” ಎಂದು ಗೋಡೆಯ ಮೇಲೆ ಬೆರಳುಗಳನ್ನು ಮೇಲಮೇಲಕ್ಕೆ ಹತ್ತಿಸುವ ವ್ಯಾಯಾಮ ಶುರುಮಾಡಿದಳು. ನೋವು ಬಂದಲ್ಲಿಗೆ ನಿಲ್ಲಿಸುತ್ತಿದ್ದಳು. ನೋವು ಬಂದಲ್ಲಿಂದಲೇ ತೋಳನ್ನು ಮುಂದೆ ಒತ್ತಬೇಕು, ಅದಕ್ಕೆ ಕಲಿತವರ ಕೈ ಬೇಕು. ಭುಜ ಮತ್ತೆ ಬಿಗಿಯಿತು, ಮೊದಲಿನಷ್ಟಲ್ಲವಾದರೂ.

ಮತ್ತೆ ತೋರಿಸಲು ಹೋದಾಗ ಡಾಕ್ಟರು ತೋಳೆತ್ತಿ ನೋಡಿ, “ಮೊದಲಿಗಿಂತ ಭಾಳ ಚಲೋ ಅದ, ಹೌದಲ್ರೀ?” ಎಂದರು.

“ಹೌದ್ರೀ,” ಅಂದಳು ಅವ್ವ.

ಮೆಟ್ಟಿಲಿಳಿಯುತ್ತಾ ನಾನು ಸಿಡುಕಿದೆ. “ರೊಟ್ಟಿ ಬಡಿಯೋಕೆ ಆಗ್ತಿಲ್ಲ ಅಂತ ಯಾಕೆ ಹೇಳಲಿಲ್ಲ?”

“ಅವರು ರೊಟ್ಟಿ ಕೇಳಲಿಲ್ಲಲ್ಲವಾ. ತ್ವಾಳು ಕೇಳಿದ್ರು.”

ಬಡಿಯಲು ಬೇಕಾದ ಬೀಸು ಈಗ ಆ ತೋಳಿಗೆ ಬರುವುದಿಲ್ಲ. ಲಟ್ಟಣಿಗೆ ಒತ್ತಲು ಬರುತ್ತದೆ. ಹಾಗಾಗಿ ಚಪಾತಿ ಮಾಡುತ್ತಾಳೆ. ಹುಡುಗರಲ್ಲಿ ಕೆಲವರು ಬೇರೆ ಖಾನಾವಳಿ ಹಿಡಿದರು. ಉಳಿದವರು ಬಾಗಿಲಲ್ಲಿ ನಿಂತು, “ಚಪಾತಿನೂ ಚಲೋನ ಆಗ್ಯಾವ್ರಿ ಅಕ್ಕಾರ,” ಅನ್ನುತ್ತಾರೆ. ಅವ್ವ ಡಬ್ಬಿಯ ಮುಚ್ಚಳ ಹಾಕಿ, ಎಡಗೈಯಿಂದ ಅವರ ಕೈಗಿಡುತ್ತಾಳೆ.