ಸದ್ದಡಗಿಸುವ ಮಾವನ ನಿದ್ದೆ

ನನ್ನ ಸೋದರಮಾವ ಹಡಗಿನ ಬಡಗಿಯಾಗಿದ್ದ. ಹಾಗೆಂದ ಕೂಡಲೇ ಜನ ಅವನು ಹಡಗು ಕಟ್ಟುತ್ತಿದ್ದ ಎಂದುಕೊಂಡು ಹುಬ್ಬೇರಿಸುತ್ತಾರೆ. ಅದಲ್ಲ. ಪ್ರವಾಸಿಗಳನ್ನು ತುಂಬಿಕೊಂಡು ಬಂದರಿನಿಂದ ಬಂದರಿಗೆ ತೇಲುವ ದೊಡ್ಡ ಹಡಗೊಂದರಲ್ಲಿ, ಮಲಗುವ ಕೋಣೆಗಳಲ್ಲಿ ರಾತ್ರಿ ಏಳುವ ಸದ್ದುಗಳನ್ನು ಅಡಗಿಸುವುದು ಅವನ ಕೆಲಸವಾಗಿತ್ತು. ಇದನ್ನು ಕೇಳಿದವರು ಏರಿಸಿದ ಹುಬ್ಬು ಇಳಿಸಿ ನಗುತ್ತಾರೆ. ನಗಲಿ. ಒಂದು ರಾತ್ರಿ ಅಲ್ಲಿ ಮಲಗಿ ನೋಡಲಿ, ಆಮೇಲೆ ಮಾತಾಡೋಣ.

ಹಡಗು ನಿಂತ ಮನೆಯಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಲೇ ಇರುತ್ತದೆ. ವಾಲಿದಾಗೆಲ್ಲ ಕೋಣೆಯಲ್ಲಿ ತೂಗುಹಾಕಿದ್ದು, ಮುಚ್ಚಿಟ್ಟದ್ದು, ಮೊಳೆ ಹೊಡೆದದ್ದು ಎಲ್ಲಕ್ಕೂ ಬಾಯಿ ಬರುತ್ತದೆ. ಬೀರುವಿನಲ್ಲಿ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಮೇಜಿನ ಡ್ರಾಯರು ತಾನಾಗಿ ಹೊರಬಂದು ತಾನಾಗಿ ಒಳಹೋಗುತ್ತದೆ. ಬಚ್ಚಲಿನ ಲೋಟ ಕಟಕಟ. ಗೋಡೆಯ ಹಲಗೆ ಮುದುಕಿಯ ಮೊಣಕಾಲಿನ ಹಾಗೆ ಕಿರ್ ಎನ್ನುತ್ತದೆ. ಹಗಲಲ್ಲಿ ಇವು ಯಾರ ಕಿವಿಗೂ ಬೀಳುವುದಿಲ್ಲ. ದೀಪ ಆರಿಸಿ ತಲೆಯನ್ನು ದಿಂಬಿಗೆ ಇಟ್ಟರೆ ಸಾಕು, ಶುರು. ದುಡ್ಡು ಕೊಟ್ಟು ಬಂದ ಜನ ಕಣ್ಣು ಕೆಂಪು ಮಾಡಿಕೊಂಡು ಎದ್ದು ಸ್ವಾಗತದ ಮೇಜಿಗೆ ಫೋನು ಮಾಡುತ್ತಿದ್ದರು. ತಿಂಡಿಯ ಹೊತ್ತಿಗೆ ಮಾವ ತನ್ನ ಪೆಟ್ಟಿಗೆ ಹಿಡಿದು ಅವರ ಬಾಗಿಲು ತಟ್ಟುತ್ತಿದ್ದ.

ಪೆಟ್ಟಿಗೆಯಲ್ಲಿ ಏನಿರುತ್ತಿತ್ತು ಗೊತ್ತೇ? ಮೇಣದ ತುಂಡು, ಬೆಂಡು, ಹಳೆಯ ರಬ್ಬರು, ಮತ್ತು ರಾಶಿ ಚಿಂದಿ. ಚಿಂದಿ ಕೊಡುತ್ತಿದ್ದವಳು ನಾನೇ. ನನ್ನದು ಹೊಲಿಗೆಯ ಅಂಗಡಿ. ಕೋಟು ಕತ್ತರಿಸಿ ಉಳಿದ ದಪ್ಪ ಬಟ್ಟೆಯ ಚೂರುಗಳನ್ನು ಅವನು ರಜೆಗೆ ಬಂದಾಗಲೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದ. ಆದರೆ ಅವನ ನಿಜವಾದ ಸಾಮಾನು ಒಂದು ಬಿಳಿ ಬಟ್ಟೆ. "ಸದ್ದು ಕೇಳಿದವರು ಎಲ್ಲಿ ಮಲಗಿದ್ರೋ ಅಲ್ಲೇ ಮಲಗಿ ಕೇಳಬೇಕು. ನಿಂತ್ಕೊಂಡು ಹುಡುಕಿದ್ರೆ ಸಿಗಲ್ಲ," ಎನ್ನುತ್ತಿದ್ದ. ಹಾಗಾಗಿ ಅವನು ಬೂಟು ಬಿಚ್ಚಿ, ಅವರ ಹಾಸಿಗೆಯ ಮೇಲೆ ಆ ಬಿಳಿ ಬಟ್ಟೆ ಹಾಸಿ, ಅವರ ದಿಂಬಿನ ಜಾಗದಲ್ಲೇ ತಲೆಯಿಟ್ಟು ಕಣ್ಣು ಮುಚ್ಚುತ್ತಿದ್ದ. ಹಡಗು ನಾಲ್ಕು ಸಲ ವಾಲುವುದರೊಳಗೆ ಎದ್ದು ನೇರವಾಗಿ ಕಳ್ಳನ ಕುತ್ತಿಗೆಗೆ ಕೈ ಹಾಕುತ್ತಿದ್ದ. ಹ್ಯಾಂಗರಿನ ನಡುವೆ ಚಿಂದಿ, ಡ್ರಾಯರಿನ ಅಂಚಿಗೆ ಬೆಂಡು, ಹಲಗೆಯ ಸಂದಿಗೆ ಮೇಣ.

ಇಂಥವನಿಗೆ ರಜೆಯಲ್ಲಿ ಮನೆಗೆ ಬಂದರೆ ಕೈ ಸುಮ್ಮನಿರುತ್ತದೆಯೇ? ಬಂದ ಮರುದಿನವೇ ಗೇಟಿಗೆ ಎಣ್ಣೆ, ಬಾಗಿಲಿನ ಚೌಕಟ್ಟಿಗೆ ಬಟ್ಟೆಯ ಪಟ್ಟಿ, ಕುರ್ಚಿಗಳ ಕಾಲಿಗೆ ರಬ್ಬರಿನ ಟೋಪಿ. ಅವರ ಮನೆಗೆ ಹೋದರೆ ನನಗೆ ಹೆದರಿಕೆಯಾಗುತ್ತಿತ್ತು. ಅತ್ತೆ ಹಿಂದಿನಿಂದ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ಮಂಚವಂತೂ ಆನೆ ಹತ್ತಿದರೂ ಚಕಾರ ಎತ್ತದು.

ಅಷ್ಟೆಲ್ಲ ಮಾಡಿ ಮಾವ ಮಲಗುತ್ತಿದ್ದುದು ಎಲ್ಲಿ? ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕ, ನೆಲದ ಮೇಲೆ.

ಮದುವೆಯಾದ ಹೊಸತರಲ್ಲಿ ಸೆಕೆ ಎಂದನಂತೆ. ಚಳಿಗಾಲದಲ್ಲಿ ಬೆನ್ನುನೋವು ಎಂದನಂತೆ. ಆಮೇಲೆ ಅವನು ನೆಪ ಹೇಳುವುದನ್ನು ಬಿಟ್ಟ, ಅವಳು ಕೇಳುವುದನ್ನು ಬಿಟ್ಟಳು. ವರ್ಷದಲ್ಲಿ ಎರಡು ತಿಂಗಳು ಮನೆಯಲ್ಲಿರುವ ಗಂಡ. ಊಟವಾದ ಮೇಲೆ ಹೆಂಡತಿಯ ಜೊತೆ ಹರಟಿ, ಅವಳ ಮಾತಿಗೆ ನಕ್ಕು, ಆಮೇಲೆ ಚಾಪೆ ಸುತ್ತಿಕೊಂಡು ಅಡುಗೆಮನೆಗೆ ನಡೆಯುವನು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಲ್ಟಾ. ಉಣ್ಣುವ ತನಕ ಎಲ್ಲ ಸರಿ, ಮಲಗುವಾಗಲೇ ತೊಂದರೆ.

ಮಾವನ ನಿವೃತ್ತಿ ಹತ್ತಿರ ಬಂದಾಗ ಅತ್ತೆ ನನ್ನ ಅಂಗಡಿಗೆ ಬಂದಳು. ಬಂದವಳು ಒಂದು ರವಿಕೆಯ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ ಕೂತಳು.

"ವರ್ಷಕ್ಕೆ ಎರಡು ತಿಂಗಳು ಅಂತ ಹೇಗೋ ಹಲ್ಲು ಕಚ್ಚಿ ತಡ್ಕೊಂಡೆ," ಎಂದಳು. "ಇನ್ಮೇಲೆ ವರ್ಷ ಪೂರ್ತಿ. ನನ್ನ ಪಕ್ಕಕ್ಕಿಂತ ಆ ಫ್ರಿಜ್ ಪಕ್ಕಾನೇ ಅವರಿಗೆ ಹಿತ ಅಂದ್ರೆ ನಾನ್ಯಾಕೆ ಇರಬೇಕು? ತಂಗಿ ಮನೇಲಿ ಒಂದು ಕೋಣೆ ಖಾಲಿ ಇದೆ. ಈ ವಯಸ್ಸಲ್ಲಿ ಸವತಿ ಜೊತೆ ಬಾಳೋಕೆ ನನ್ನಿಂದಾಗಲ್ಲ."

"ಅತ್ತೆ, ಫ್ರಿಜ್ಜನ್ನ ಸವತಿ ಅಂತೀಯಲ್ಲ," ಎಂದು ನಕ್ಕೆ.

ಅವಳು ನಗಲಿಲ್ಲ. ಆಗ ನನಗೆ ಇದು ಹುಡುಗಾಟವಲ್ಲ ಎಂದು ಅರ್ಥವಾಯಿತು. ಮಾವನ ಮೇಲೆ ಬಂದ ಕೋಪಕ್ಕೆ ಕೈಯಲ್ಲಿದ್ದ ಕತ್ತರಿ ಗೆರೆ ಬಿಟ್ಟು ಹೋಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ. ಕಂಡ ಕಂಡವರ ನಿದ್ದೆ ಕಾಯುವವನಿಗೆ ಹೆಂಡತಿಯ ಕಣ್ಣೀರು ಕಾಣಬಾರದೇ?

ಹಡಗಿನವರು ನಿವೃತ್ತಿಯಾಗುವವರ ಮನೆಯವರಿಗೆ ಕೊನೆಯ ಯಾನದಲ್ಲಿ ಒಂದು ಕೋಣೆ ಕೊಡುತ್ತಾರೆ. ಮಾವ ಕರೆದ. ಅತ್ತೆ ಒಲ್ಲೆ ಎಂದಳು. ನಾನು ಬಿಡಲಿಲ್ಲ. "ಹೋಗಿ ಬಂದ್ಮೇಲೆ ತಂಗಿ ಮನೆಗೆ ಹೋಗು, ನಾನೇ ಪೆಟ್ಟಿಗೆ ಕಟ್ಕೊಡ್ತೀನಿ," ಎಂದು ಹೊರಡಿಸಿ ಜೊತೆಗೆ ನಾನೂ ಹತ್ತಿದೆ.

ನಮ್ಮದು ಕೆಳಗಿನ ಅಂತಸ್ತಿನ, ಕಿಟಕಿಯಿಲ್ಲದ ಕೋಣೆ. ಪುಕ್ಕಟೆ ಕೋಣೆ ಮತ್ತೆ ಹೇಗಿರುತ್ತದೆ? ಮೇಲೆ ಅಡುಗೆಮನೆಯ ಗಾಡಿಗಳ ಓಡಾಟ, ಕೆಳಗೆ ಎಂಜಿನ್ನಿನ ಗುಂಯ್ ಎಂಬ ಸದ್ದು. ಅದು ಕಿವಿಗಿಂತ ಬೆನ್ನಿಗೆ ಹೆಚ್ಚು ಕೇಳುತ್ತಿತ್ತು. ನಾನು ಕೊರಡಿನ ಹಾಗೆ ನಿದ್ದೆ ಮಾಡುವವಳು. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಹಾಸಿಗೆಯ ಮೇಲೆ ಕೂತಿದ್ದಳು. ಬೀರುವಿನ ಹ್ಯಾಂಗರುಗಳೆಲ್ಲ ನೆಲದ ಮೇಲಿದ್ದವು, ಲೋಟ ಅವಳ ಮಡಿಲಲ್ಲಿತ್ತು. ಡ್ರಾಯರಿಗೆ ನನ್ನ ಚಪ್ಪಲಿ ಒತ್ತು ಕೊಟ್ಟಿದ್ದಳು.

"ಆ ಗೋಡೆ ಹಲಗೆ ಒಂದು ಬಾಕಿ. ಅದನ್ನ ಹಿಡ್ಕೊಳ್ಳೋಕೆ ನನಗೆ ಕೈ ಸಾಲ್ಲಿಲ್ಲ," ಎಂದಳು.

ಸ್ವಾಗತದ ಮೇಜಿಗೆ ನಾನೇ ಫೋನು ಮಾಡಿದೆ. ಮಧ್ಯಾಹ್ನ ಮಾವ ಬಂದ. ಸಮವಸ್ತ್ರ ತೊಟ್ಟ ಅವನನ್ನು ಅತ್ತೆ ಅದೇ ಮೊದಲು ನೋಡಿದ್ದು. ಅವನು ಬಾಗಿಲು ತಟ್ಟಿ, ಹೊರಗೇ ನಿಂತು, ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದ. "ಒಳಗೆ ಬರಬಹುದಾ ಅಮ್ಮಾ? ಹಾಸಿಗೆ ಮೇಲೆ ಸ್ವಲ್ಪ ಮಲಗಿ ನೋಡಬೇಕು. ನಿಮ್ಮ ಅಭ್ಯಂತರ ಇಲ್ಲ ತಾನೆ?"

"ನನ್ನ ಅಭ್ಯಂತರ ಯಾವತ್ತಿತ್ತು?" ಎಂದಳು ಅತ್ತೆ.

ಮಾವನಿಗೆ ಅದು ತಟ್ಟಿತೋ ಇಲ್ಲವೋ. ಬೂಟು ಬಿಚ್ಚಿದ. ಬಿಳಿ ಬಟ್ಟೆ ಹಾಸಿದ. ಅವಳ ದಿಂಬಿನ ಜಾಗದಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿದ. ಅತ್ತೆ ಮಂಚದ ಅಂಚಿನಲ್ಲಿ, ನಾನು ನನ್ನ ಹಾಸಿಗೆಯ ಮೇಲೆ, ಉಸಿರು ಬಿಗಿಹಿಡಿದು ಕೂತೆವು. ಹಡಗು ವಾಲಿತು. ಹಲಗೆ ಕಿರ್ ಎಂದಿತು. ಮಾವ ಏಳಲಿಲ್ಲ. ಮತ್ತೆ ವಾಲಿತು, ಮತ್ತೆ ಕಿರ್ ಎಂದಿತು. ಅವನ ಬಾಯಿ ಸ್ವಲ್ಪ ತೆರೆದುಕೊಂಡಿತು.

"ಅತ್ತೆ, ಮಾವನಿಗೆ ನಿದ್ದೆ ಬಂದಿದೆ," ಎಂದು ಪಿಸುಗುಟ್ಟಿದೆ.

ಅವಳು ಬಾಯಿಗೆ ಬೆರಳಿಟ್ಟಳು. ತನ್ನ ಗಂಡ ನಿದ್ದೆಯಲ್ಲಿ ಹೇಗೆ ಕಾಣುತ್ತಾನೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಕದ್ದು ನೋಡಿದ್ದಷ್ಟೇ. ಈಗ ಅವಳು ನೋಡುತ್ತಲೇ ಕೂತಳು. ಅವನ ಕೈ ಮಗ್ಗುಲಿಗೆ ಜಾರಿ ಅವಳ ಮಂಡಿಗೆ ತಾಗಿತು. ಅವಳು ಮಂಡಿ ಸರಿಸಲಿಲ್ಲ. ನಾನು ಗೋಡೆಯ ಕಡೆ ತಿರುಗಿ, ಇಲ್ಲದ ಕಿಟಕಿಯಿಂದ ಸಮುದ್ರ ನೋಡಿದೆ.

ಎಚ್ಚರವಾದಾಗ ಅವನು ಗಾಬರಿಯಿಂದ ಎದ್ದು ಕೂತ. "ಎಷ್ಟು ಹೊತ್ತಾಯ್ತು? ಕೆಲಸದ ಮೇಲೆ ಇದೀನಿ ನಾನು!"

"ಇಲ್ಲಿ ಇಷ್ಟು ಗಲಾಟೆ ಇದೆ," ಎಂದಳು ಅತ್ತೆ. "ಇಲ್ಲಿ ನನ್ನ ಪಕ್ಕ ನಿದ್ದೆ ಬರುತ್ತೆ. ಮನೇಲಿ ಯಾಕೆ ಬರಲ್ಲ?"

ಮಾವ ಬೂಟಿನ ದಾರ ಹಿಡಿದು ತಲೆ ತಗ್ಗಿಸಿದ. "ಮನೇಲಿ ಸದ್ದೇ ಇಲ್ವಲ್ಲೇ."

"ಅಂದ್ರೆ?"

"ಹಡಗಲ್ಲಿ ನನ್ನ ಕೋಣೆ ಗೋಡೆ ಆಚೆನೇ ಎಂಜಿನ್. ಅದು ನಿಂತ್ರೆ ನಾವೆಲ್ಲ ಎದ್ದು ಕೂತ್ಕೊಳ್ತೀವಿ. ನಡುನೀರಲ್ಲಿ ಸದ್ದು ನಿಂತ್ರೆ ಏನೋ ಕೆಟ್ಟಿದೆ ಅಂತ ಅರ್ಥ. ಮನೇಲಿ ದೀಪ ಆರಿಸಿದ್ರೆ ನನಗೆ ಹಾಗೇ ಆಗುತ್ತೆ. ಎದೆ ಹೊಡ್ಕೊಳ್ಳುತ್ತೆ. ಫ್ರಿಜ್ ಪಕ್ಕ ಹೋದ್ರೆ, ಅದು ಗುಂಯ್ ಅನ್ನುತ್ತಲ್ಲ, ಆಗ ಹೇಗೋ ಕಣ್ಣು ಹತ್ತುತ್ತೆ."

"ಮನೇಲಿ ಸದ್ದಿಲ್ಲದ ಹಾಗೆ ಮಾಡಿದ್ದು ಯಾರು? ನಾನಾ?"

"ನಾನೇ. ಮದುವೆಯಾದ ವಾರ ನೀನೇ ಹೇಳಿದ್ದೆ, ಮಂಚದ ಸದ್ದಿಗೆ ನಿದ್ದೆ ಬರಲ್ಲ ಅಂತ. ನಿನಗೆ ನಿದ್ದೆ ಬರಲಿ ಅಂತ ಮಾಡ್ತಾ ಹೋದೆ."

ನನಗೆ ತಡೆಯಲಾಗಲಿಲ್ಲ. "ಇದನ್ನ ಇಷ್ಟು ವರ್ಷ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?" ಎಂದು ಕೂಗಿದೆ.

"ಸದ್ದು ಜಾಸ್ತಿ ಅಂತ ಎಲ್ಲರೂ ದೂರು ಕೊಡ್ತಾರೆ. ಸದ್ದಿಲ್ಲ ಅಂತ ದೂರು ಕೊಟ್ಟವರನ್ನ ನಾನು ಕಂಡೇ ಇಲ್ಲ," ಎಂದ ಮಾವ. "ಅದನ್ನ ಹೇಗೆ ಹೇಳೋದು ಅಂತ ತಿಳೀಲಿಲ್ಲ."

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವುದನ್ನು ಕೇಳಿದ್ದೇನೆ. ಸಂತೆಯಲ್ಲಿ ಮಾತ್ರ ನಿದ್ದೆ ಬರುವವನನ್ನು ಅಂದೇ ಕಂಡದ್ದು. ಮಾವ ಎದ್ದು ಪೆಟ್ಟಿಗೆ ತೆರೆದ. ಹಲಗೆಯ ಸಂದಿಗೆ ಮೇಣ ತಿಕ್ಕಿದ, ಹ್ಯಾಂಗರುಗಳ ನಡುವೆ ಚಿಂದಿ ಸಿಕ್ಕಿಸಿದ, ಡ್ರಾಯರಿನಿಂದ ನನ್ನ ಚಪ್ಪಲಿ ಬಿಡಿಸಿ ಬೆಂಡು ಇಟ್ಟು ಹೋದ. ಆಮೇಲೆ ಕೋಣೆಯಲ್ಲಿ ಉಳಿದದ್ದು ಎಂಜಿನ್ನಿನ ಸದ್ದೊಂದೇ. ಅತ್ತೆ ಅದಕ್ಕೆ ಬೆನ್ನು ಕೊಟ್ಟು ಮಲಗಿ, ಬಹಳ ಹೊತ್ತು ಅದನ್ನೇ ಕೇಳಿದಳು.

ಕೆಲಸದವರು ಪ್ರವಾಸಿಗಳ ಕೋಣೆಯಲ್ಲಿ ತಂಗುವಂತಿಲ್ಲ, ಅದು ಹಡಗಿನ ಕಟ್ಟಳೆ. ಹೆಂಡತಿಯ ಕೋಣೆಯಾದರೂ ಅಷ್ಟೇ. ಅತ್ತೆ ಅದಕ್ಕೊಂದು ದಾರಿ ಕಂಡುಕೊಂಡಳು. ಮರುದಿನ ಊಟವಾದ ಕೂಡಲೇ ಹ್ಯಾಂಗರಿನ ಚಿಂದಿಯನ್ನೆಲ್ಲ ಕಿತ್ತು ಮಡಿಲಿಗೆ ಹಾಕಿಕೊಂಡು, ಫೋನು ಎತ್ತಿ ಗಂಭೀರವಾಗಿ ಹೇಳಿದಳು: "ನಮ್ಮ ಕೋಣೇಲಿ ಸದ್ದು ಬರ್ತಿದೆ. ಬಡಗಿನ ಕಳಿಸಿ." ಮಾವ ಬಂದು ಬಿಳಿ ಬಟ್ಟೆ ಹಾಸಿದ. ಅದರ ಮರುದಿನ ಡ್ರಾಯರಿನ ಬೆಂಡು ಮಾಯ. ಆಮೇಲೆ ಬಚ್ಚಲಿನ ಲೋಟ ಕಟಕಟ. ನಾನು ಮೊದಲೇ ಎದ್ದು ಗಾಳಿಗೆ ಹೋಗುತ್ತಿದ್ದೆ, ನನಗೂ ಅಷ್ಟು ತಿಳಿವಳಿಕೆ ಇದೆ. ಮೇಲಿನ ಅಂತಸ್ತಿನಲ್ಲಿ ಮಾವನ ಮೇಲ್ವಿಚಾರಕ ಸಿಕ್ಕಿ, "ನಿಮ್ಮ ಅತ್ತೆ ಕಿವಿ ಬಹಳ ಚುರುಕು ಕಣ್ರೀ," ಎಂದ. ಹೌದು, ನಮ್ಮ ಮನೆತನದಲ್ಲೇ ಎಲ್ಲರದೂ ಚುರುಕು ಎಂದೆ.

ತಂಗಿಯ ಮನೆಯ ಮಾತು ಮತ್ತೆ ಬರಲಿಲ್ಲ. ಹಡಗಿಳಿದ ವಾರವೇ ಫ್ರಿಜ್ಜು ಮಲಗುವ ಕೋಣೆಗೆ ಬಂತು. ಮಂಚ ಒಂದು ಗೋಡೆಗೆ, ಅದು ಇನ್ನೊಂದು ಗೋಡೆಗೆ. ನೆಂಟರು ತಣ್ಣನೆಯ ನೀರು ಕೇಳಿದರೆ ಅತ್ತೆ ಮಲಗುವ ಕೋಣೆಗೆ ಹೋಗಿ ತರುತ್ತಿದ್ದಳು. ಯಾರಾದರೂ ಹುಬ್ಬು ಗಂಟಿಕ್ಕಿದರೆ, "ಸವತಿ ಎದುರಿಗೇ ಇದ್ರೆ ಒಳ್ಳೇದು," ಎನ್ನುತ್ತಿದ್ದಳು. ಅಡುಗೆಮನೆಯ ಚಾಪೆಯನ್ನು ನನಗೆ ಕೊಟ್ಟುಬಿಟ್ಟಳು. ಈಗ ನನ್ನ ಅಂಗಡಿಯಲ್ಲಿ ಅದರ ಮೇಲೆ ಕೂತು ಗುಂಡಿ ಹೊಲಿಯುತ್ತೇನೆ.

ಹೋದ ತಿಂಗಳು ಆ ಫ್ರಿಜ್ಜು ಕೆಟ್ಟಿತು. ರಿಪೇರಿಯವನು ನೋಡಿ, ಇದಕ್ಕೆ ಇನ್ನು ಜೀವ ಬರುವುದಿಲ್ಲ ಎಂದ. ಮಾವನ ಮುಖ ಸಣ್ಣದಾಯಿತು. ರಾತ್ರಿ ಚಾಪೆ ಹುಡುಕಿದನಂತೆ, ಎಲ್ಲಿಗೆ ಹೊರಟಿದ್ದನೋ ಅವನಿಗೇ ಗೊತ್ತಿಲ್ಲ. ಅತ್ತೆ ಬೆಳಿಗ್ಗೆಯೇ ಅವನನ್ನೂ ನನ್ನನ್ನೂ ಹೊರಡಿಸಿಕೊಂಡು ಫ್ರಿಜ್ಜಿನ ಅಂಗಡಿಗೆ ಹೋದಳು.

ಅಂಗಡಿಯವನು ಹೊಳೆಯುವ ಫ್ರಿಜ್ಜೊಂದರ ಬಾಗಿಲು ತೆರೆದು ತೋರಿಸಿದ. "ಇದು ನೋಡಿ ಅಮ್ಮಾ. ಓಡ್ತಿದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ."

"ಬೇಡ," ಎಂದಳು ಅತ್ತೆ.

ಅವನು ಅದಕ್ಕಿಂತ ದುಬಾರಿಯದನ್ನು ತೋರಿಸಿದ. ಅತ್ತೆ ಅದರ ಮಗ್ಗುಲಿಗೆ ಕಿವಿಯಿಟ್ಟು ತಲೆಯಾಡಿಸಿದಳು. ಹೀಗೆ ಸಾಲಿನ ಕೊನೆಯ ತನಕ ಕಿವಿಯಿಟ್ಟುಕೊಂಡು ಬಂದಳು.

"ನಿಮಗೆ ಯಾವ ಥರದ್ದು ಬೇಕಮ್ಮಾ?"

"ಸದ್ದು ಮಾಡೋದು."

ಅಂಗಡಿಯವನು ನನ್ನ ಮುಖ ನೋಡಿದ. "ಅವರು ಹೇಳಿದ್ದು ಸರಿಯಾಗೇ ಇದೆ," ಎಂದೆ.

ಮೂಲೆಯಲ್ಲಿ ಅಂಗಡಿಯವರು ತಮ್ಮ ನೀರಿನ ಬಾಟಲಿ ಇಡುವ ಹಳೆಯದೊಂದು ನಿಂತಿತ್ತು. ಅತ್ತೆ ಅತ್ತ ನಡೆದಳು. "ಅದು ಮಾರೋಕಲ್ಲಮ್ಮಾ, ಹಳೇದು. ಅದರ ಗಲಾಟೆಗೆ ಗಿರಾಕಿ ಮಾತೇ ಕೇಳಿಸಲ್ಲ," ಎಂದು ಅವನು ಹಿಂದೆಯೇ ಬಂದ. ಅತ್ತೆ ಅದಕ್ಕೆ ಕಿವಿಯಿಟ್ಟಳು, ಅಂಗೈ ಇಟ್ಟಳು. ಆಮೇಲೆ ತಿರುಗಿ, "ಬನ್ನಿ ಇಲ್ಲಿ. ನೀವು ಕೇಳಿ," ಎಂದು ಮಾವನನ್ನು ಕರೆದಳು.

ಮಾವ ನಾಚಿಕೊಂಡು ಸುತ್ತ ನೋಡಿ, ಹತ್ತಿರ ಬಂದು ಅದಕ್ಕೆ ಬೆನ್ನು ಒರಗಿಸಿ ನಿಂತ. ಕಣ್ಣು ಮುಚ್ಚಿದ. ನಾವು ಮೂವರೂ ಅವನ ಮುಖವನ್ನೇ ನೋಡುತ್ತಿದ್ದೆವು. ಹಾಡುಹಗಲು, ಅಂಗಡಿ ತುಂಬ ಜನ. ಅವರೆಲ್ಲರ ನಡುವೆ ಮಾವ ಬಾಯಿ ಅಗಲಿಸಿ ದೊಡ್ಡದಾಗಿ ಆಕಳಿಸಿದ.

"ಇದನ್ನೇ ಕೊಡಿ," ಎಂದಳು ಅತ್ತೆ.